ಮೂವತ್ತು ಆಚರಣೆ ಬೇಡ, ಮೂರು ಸಾಕು

ಪ್ರಶ್ನೆ: ಮೇಡಂ, ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ಮಕ್ಕಳು ದೊಡ್ಡವರಾಗುವ ಹಂತದಲ್ಲಿ ಬೇರೆ ಬೇರೆ ಸಂಸ್ಕೃತಿ, ಧರ್ಮಗಳಲ್ಲಿ ನಡೆಯುವ ಆಚರಣೆಗಳ ಬಗ್ಗೆ ಪ್ರಬಂಧ ಬರೆಯಬೇಕಿದೆ. ಅಂತರ್ಜಾಲದಲ್ಲಿ ಹುಡುಕಿ ಮೂವತ್ತು ಆಚರಣೆಗಳ ಪಟ್ಟಿ ಮಾಡಿದ್ದೇನೆ. ಯಹೂದಿಗಳ ಬಾರ್ ಮಿಟ್ಸ್‌ವಾ, ಉಪನಯನ, ಜಪಾನಿನ ಪ್ರಾಪ್ತವಯಸ್ಕರ ದಿನ, ಅಪಾಚೆ ಹುಡುಗಿಯರ ಸೂರ್ಯೋದಯ ವಿಧಿ, ವನುವಾಟುವಿನ ಗೋಪುರ ಜಿಗಿತ, ಅಮೆಜಾನಿನ ಇರುವೆ ಕೈಗವಸು, ಲ್ಯಾಟಿನ್ ಅಮೆರಿಕದಲ್ಲಿ ಹುಡುಗಿಗೆ ಹದಿನೈದು ತುಂಬಿದಾಗ ನಡೆಯುವ ಕಿನ್ಸೆನ್ಯೇರಾ ಹೀಗೆ. ಆದರೆ ಎಲ್ಲ ಕಡೆಯೂ ಅದೇ ನಾಲ್ಕು ಸಾಲು ಸಿಗುತ್ತಿದೆ. ಇವನ್ನು ಹೋಲಿಸುವುದು ಹೇಗೆ? ಜನಾಂಗಶಾಸ್ತ್ರಜ್ಞ ವಾನ್ ಗೆನೆಪ್ ಹೇಳಿದ ಮೂರು ಹಂತಗಳಲ್ಲಿ ಎಲ್ಲವನ್ನೂ ಕೂರಿಸಬಹುದೆ? ಯಾವ ಆಕರಗಳನ್ನು ನಂಬಬೇಕು? ನಮ್ಮ ಮನೆತನದಲ್ಲೇ ನಡೆಯುವ ಆಚರಣೆಯನ್ನೂ ಸೇರಿಸಬಹುದೆ?

ಉತ್ತರ: ಪಟ್ಟಿ ಓದಿದೆ. ಮೂವತ್ತನ್ನೂ ಹೋಲಿಸಲು ಹೋಗಬೇಡಿ, ಮೂರನ್ನು ಆರಿಸಿಕೊಳ್ಳಿ. ಇರುವೆ ಕಚ್ಚಿಸಿಕೊಳ್ಳುವುದು, ಗೋಪುರದಿಂದ ಧುಮುಕುವುದು, ದನಗಳ ಬೆನ್ನ ಮೇಲೆ ಓಡುವುದು ಇವೆಲ್ಲ ಅದರಲ್ಲಿ ಮೇಲಿನ ಸಾಲಿನಲ್ಲಿವೆ. ಇದು ನಿಮ್ಮ ತಪ್ಪಲ್ಲ. ಅಂತರ್ಜಾಲದ ಪಟ್ಟಿಗಳನ್ನು ಮಾಡುವವರು ನೋವು ಮತ್ತು ಫೋಟೊ ಎರಡೂ ಇರುವುದನ್ನು ಮೊದಲು ಎತ್ತಿಕೊಳ್ಳುತ್ತಾರೆ. ಒಬ್ಬರು ಎತ್ತು ಈಯಿತು ಅಂದರೆ ಇನ್ನೊಬ್ಬರು ಕೊಟ್ಟಿಗೆಗೆ ಕಟ್ಟುತ್ತಾರೆ. ಒಬ್ಬ ಹುಡುಗ ಧರ್ಮಗ್ರಂಥದ ಒಂದು ಅಧ್ಯಾಯವನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿ ಓದುವುದು ಅಷ್ಟು ರೋಚಕವಾಗಿ ಕಾಣುವುದಿಲ್ಲ. ಏನೂ ನಡೆಯದೆಯೇ ಒಬ್ಬಳು ಧರ್ಮದ ಕಣ್ಣಿನಲ್ಲಿ ದೊಡ್ಡವಳಾಗಿಬಿಡುವುದಂತೂ ಪಟ್ಟಿಗೇ ಸೇರುವುದಿಲ್ಲ. ಸಂಶೋಧನೆಗೆ ಇವೇ ಹೆಚ್ಚು ಕೆಲಸಕ್ಕೆ ಬರುವ ಸಂಗತಿಗಳು.

ಗೋಪುರ ಜಿಗಿತವನ್ನೇ ತೆಗೆದುಕೊಳ್ಳಿ. ಪೆಸಿಫಿಕ್ ಸಾಗರದ ವನುವಾಟು ದೇಶದ ಪೆಂಟಕಾಸ್ಟ್ ದ್ವೀಪದಲ್ಲಿ ಮರದ ಗೋಪುರ ಕಟ್ಟಿ, ಕಣಕಾಲಿಗೆ ಕಾಡುಬಳ್ಳಿ ಬಿಗಿದುಕೊಂಡು ಗಂಡಸರು ತಲೆಕೆಳಗಾಗಿ ಜಿಗಿಯುತ್ತಾರೆ. ಪಟ್ಟಿಗಳು ಇದನ್ನು ಹುಡುಗ ಗಂಡಸಾಗುವ ಪರೀಕ್ಷೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತವೆ. ಹುಡುಗರು ಮೊದಲ ಸಲ ಜಿಗಿಯುವುದಕ್ಕೆ ಅಲ್ಲಿ ಬೆಲೆ ಇದೆ, ನಿಜ. ಆದರೆ ಈ ಆಚರಣೆ ಯಾಮ್ ಗೆಡ್ಡೆಯ ಬೆಳೆಯೊಂದಿಗೆ ಹೆಣೆದುಕೊಂಡಿದೆ, ವಯಸ್ಸಾದವರೂ ಜಿಗಿಯುತ್ತಾರೆ, ಮತ್ತು ಬಳ್ಳಿಯಲ್ಲಿ ರಸ ತುಂಬಿ ಅದು ಬಳುಕುವ ಕಾಲದಲ್ಲೇ ನಡೆಯಬೇಕು. 1974ರಲ್ಲಿ ಬ್ರಿಟನ್ ರಾಣಿಯ ಭೇಟಿಗಾಗಿ ಅಕಾಲದಲ್ಲಿ ಜಿಗಿತ ಏರ್ಪಡಿಸಿದರು. ಬಳ್ಳಿ ತುಂಡಾಗಿ ಒಬ್ಬ ಸತ್ತ. ಋತುವಿಗೆ ಕಟ್ಟುಬಿದ್ದ ಆಚರಣೆಯನ್ನು ಅತಿಥಿಗಾಗಿ ಆಡಿಸಿದಾಗ ಏನಾಯಿತು ಎಂಬುದೇ ಒಂದು ಪ್ರಬಂಧಕ್ಕೆ ಸಾಕಾಗುವಷ್ಟು ವಿಷಯ. ‘ಗಂಡಸಾಗುವ ಪರೀಕ್ಷೆ’ ಎಂಬ ತಲೆಬರಹದಡಿ ಅದು ಕಾಣಿಸುವುದೇ ಇಲ್ಲ.

ಈಗ ಹೋಲಿಕೆಯ ಮಾತು. ‘ದೊಡ್ಡವರಾಗುವುದು’ ಒಂದೇ ಘಟನೆ ಎಂದು ನಿಮ್ಮ ಪಟ್ಟಿ ಊಹಿಸಿಕೊಂಡಿದೆ. ದೇಹ ಮಾಗುವುದು ಬೇರೆ, ಧರ್ಮದ ಕಟ್ಟುಪಾಡು ಮೈಮೇಲೆ ಬರುವುದು ಬೇರೆ, ಮದುವೆಗೆ ಅರ್ಹರಾಗುವುದು ಬೇರೆ. ಕಾನೂನಿನ ಪ್ರಕಾರ ಸಹಿ ಹಾಕುವ ಅಧಿಕಾರ ಸಿಗುವುದು, ಹಿರಿಯರ ಕೂಟದಲ್ಲಿ ಕೂರುವ ಹಕ್ಕು ಸಿಗುವುದು ಮತ್ತೂ ಬೇರೆ. ಒಂದೊಂದು ಸಮಾಜ ಇವುಗಳಲ್ಲಿ ಒಂದನ್ನೋ ಎರಡನ್ನೋ ಆರಿಸಿಕೊಂಡು ಅದರ ಸುತ್ತ ಆಚರಣೆ ಕಟ್ಟುತ್ತದೆ, ಉಳಿದವನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಇಥಿಯೋಪಿಯಾದ ಹಮರ್ ಯುವಕ ಸಾಲಾಗಿ ನಿಲ್ಲಿಸಿದ ದನಗಳ ಬೆನ್ನಮೇಲೆ ಓಡಿದರೆ ಮದುವೆಯಾಗಲು ಅರ್ಹನಾಗುತ್ತಾನೆ. ಅವನ ಮೀಸೆ ಮೂಡಿತೋ ಇಲ್ಲವೋ ಅಲ್ಲಿ ಪ್ರಶ್ನೆಯಲ್ಲ. ಇರಾನ್, ಭಾರತ ಮತ್ತು ಬೇರೆಡೆಯ ಜರತುಷ್ಟ್ರ ಮಾರ್ಗದವರು (ನಮ್ಮಲ್ಲಿ ಪಾರ್ಸಿಗಳು) ಮಗುವಿಗೆ ಸುದ್ರೆ ಎಂಬ ಒಳಂಗಿ ತೊಡಿಸಿ ಕುಸ್ತಿ ಎಂಬ ಉಣ್ಣೆಯ ದಾರ ಕಟ್ಟುವುದು ಸಾಮಾನ್ಯವಾಗಿ ಮೈ ಮಾಗುವ ಮುಂಚೆ. ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದು ‘ವಯಸ್ಸು ಇಷ್ಟು’ ಎಂದು ಎದುರಿಗೆ ಅಂಕಿ ಹಾಕಿದರೆ ಹೋಲಿಕೆ ಆಗುವುದಿಲ್ಲ.

ಬಾರ್ ಮಿಟ್ಸ್‌ವಾದಲ್ಲಿ ಇದು ಇನ್ನೂ ಸ್ಪಷ್ಟ. ಯಹೂದಿ ಧರ್ಮಶಾಸ್ತ್ರದ ಪ್ರಕಾರ ಹುಡುಗ ಹದಿಮೂರು ತುಂಬಿದ ದಿನ ಆಜ್ಞೆಗಳಿಗೆ ಬದ್ಧನಾಗುತ್ತಾನೆ. ಸಿನಗಾಗಿಗೆ, ಅಂದರೆ ಯಹೂದಿ ಪ್ರಾರ್ಥನಾಮಂದಿರಕ್ಕೆ, ಹೋಗಲಿ ಬಿಡಲಿ, ಔತಣ ನಡೆಯಲಿ ಬಿಡಲಿ, ಸ್ಥಾನ ಬದಲಾಗಿ ಹೋಗಿರುತ್ತದೆ. ಸಮಾರಂಭ ಅದನ್ನು ಸಾರುತ್ತದೆ ಅಷ್ಟೆ. ಸಾಂಪ್ರದಾಯಿಕ ಲೆಕ್ಕದಲ್ಲಿ ಹುಡುಗಿಗೆ ಹನ್ನೆರಡಕ್ಕೇ ಆ ಬದ್ಧತೆ ಬರುತ್ತದೆ, ಆದರೆ ಅವಳಿಗೆ ಸಿನಗಾಗಿನಲ್ಲಿ ಸಾರ್ವಜನಿಕ ಸಮಾರಂಭ, ಈಗ ಬಾತ್ ಮಿಟ್ಸ್‌ವಾ ಎನ್ನುವುದು, ಇರಲಿಲ್ಲ. ಅಮೆರಿಕದಲ್ಲಿ ಅಂಥದ್ದು ಮೊದಲು ನಡೆದದ್ದು 1922ರ ಮಾರ್ಚ್ 18ರಂದು, ನ್ಯೂಯಾರ್ಕಿನಲ್ಲಿ. ಯಹೂದಿ ಧರ್ಮಗುರು (ರಬ್ಬಿ) ಮೊರ್ಡೆಕೈ ಕ್ಯಾಪ್ಲನ್ ಅವರ ಮಗಳು, ಹನ್ನೆರಡು ವರ್ಷದ ಜೂಡಿತ್, ಧರ್ಮಗ್ರಂಥದ ಪವಿತ್ರ ಸುರುಳಿಯಿಂದಲ್ಲ, ಅದರಿಂದ ಸ್ವಲ್ಪ ದೂರ ನಿಂತು ತನ್ನ ಮುದ್ರಿತ ಪುಸ್ತಕದಿಂದ ಓದಿದಳು. ಸುರುಳಿಗೂ ಅವಳು ನಿಂತ ಜಾಗಕ್ಕೂ ನಡುವಿನ ಆ ಅಂತರ ಬಹಳ ಹೇಳುತ್ತದೆ. ಕಟ್ಟುಪಾಡು ಹುಡುಗಿಗೂ ಮೊದಲಿನಿಂದ ಇತ್ತು, ಇಲ್ಲದಿದ್ದದ್ದು ಅದನ್ನು ಎಲ್ಲರೆದುರು ಹೇಳಿಕೊಳ್ಳುವ ಅವಕಾಶ.

ಇಸ್ಲಾಂನಲ್ಲಿ ಏನು ನಡೆಯುತ್ತದೆ ಎಂದು ನಿಮ್ಮ ಪಟ್ಟಿಯಲ್ಲಿ ‘ಸುನ್ನತಿ’ ಎಂದು ಬರೆದು ಬಿಟ್ಟಿದ್ದೀರಿ. ಸುನ್ನತಿಯ ವಯಸ್ಸು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಹುಟ್ಟಿದ ವಾರದಲ್ಲೇ ಮಾಡುವವರಿದ್ದಾರೆ. ಟರ್ಕಿಯಲ್ಲಿ ಹುಡುಗನಿಗೆ ಕಿರೀಟ, ಮೇಲಂಗಿ ತೊಡಿಸಿ ಮೆರವಣಿಗೆ ಮಾಡಿಸುವ ರೂಢಿಯೂ ಉಂಟು. ಆದರೆ ನಮಾಜು, ಉಪವಾಸ ಕಡ್ಡಾಯವಾಗುವುದು ಪ್ರಾಯಕ್ಕೆ ಬಂದಾಗ, ಅಂದರೆ ಬುಲೂಘ್ ಎಂದು ಕರೆಯುವ ಹಂತದಲ್ಲಿ. ಅದಕ್ಕೆ ಎಲ್ಲೆಡೆ ಒಪ್ಪಿತವಾದ ಯಾವ ಸಮಾರಂಭವೂ ಇಲ್ಲ. ಹೀಗೆ ಆಚರಣೆ ಒಂದು ಕಡೆ, ಪ್ರಾಯಪ್ರವೇಶ ಇನ್ನೊಂದು ಕಡೆ ಇರುವ ಉದಾಹರಣೆಯನ್ನು ಬಿಡಬೇಡಿ. ‘ಇಲ್ಲ’ ಎನ್ನುವುದೂ ಒಂದು ಮಾಹಿತಿ.

ಜಪಾನಿನದು ಉಲ್ಟಾ ಕಥೆ. 1948ರ ಕಾನೂನಿನಿಂದ ಜನವರಿ 15 ಪ್ರಾಪ್ತವಯಸ್ಕರ ದಿನವಾಯಿತು. 2000ದಿಂದ ಅದು ಜನವರಿಯ ಎರಡನೇ ಸೋಮವಾರಕ್ಕೆ ಸರಿಯಿತು. ಊರಾಡಳಿತ ಇಪ್ಪತ್ತರವರನ್ನು ಸಭಾಂಗಣಕ್ಕೆ ಕರೆಯುತ್ತದೆ, ಹುಡುಗಿಯರು ಉದ್ದ ತೋಳಿನ ಕಿಮೋನೊ ಉಟ್ಟು ಬರುತ್ತಾರೆ. 2022ರ ಏಪ್ರಿಲ್ 1ರಂದು ಕಾನೂನು ಪ್ರಾಪ್ತವಯಸ್ಸನ್ನು ಇಪ್ಪತ್ತರಿಂದ ಹದಿನೆಂಟಕ್ಕೆ ಇಳಿಸಿತು. ಸಮಾರಂಭವೂ ಹದಿನೆಂಟಕ್ಕೆ ಇಳಿಯಬೇಕಿತ್ತಲ್ಲ? ಬಹುಪಾಲು ಊರುಗಳು ಇಳಿಸಲಿಲ್ಲ. ಹದಿನೆಂಟರಲ್ಲಿ ಪ್ರವೇಶ ಪರೀಕ್ಷೆಗಳ ಗಡಿಬಿಡಿ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಹೆಸರು ಬದಲಿಸಿ ‘ಇಪ್ಪತ್ತರವರ ಕೂಟ’ ಎಂದು ಮುಂದುವರಿಸಿದರು. ಕಾನೂನಿಗಾಗಿ ಹುಟ್ಟಿದ ದಿನ ಈಗ ಕಾನೂನನ್ನು ಬಿಟ್ಟು ತನ್ನ ಕಾಲ ಮೇಲೆ ನಿಂತಿದೆ. ಇಂಥ ಒಡಕು ಕಂಡಲ್ಲಿ ನಿಲ್ಲಿ, ಅಗೆಯಿರಿ. ಯಾವ ಆಚರಣೆ ಯಾವ ಗಡಿಯಾರಕ್ಕೆ ಕೀ ಕೊಟ್ಟುಕೊಂಡಿದೆ ಎಂದು ತಿಳಿಯುವುದು ಎರಡು ಗಡಿಯಾರಗಳು ಬೇರೆ ಬೇರೆ ಸಮಯ ತೋರಿಸಿದಾಗಲೇ.

ವಾನ್ ಗೆನೆಪ್ ವಿಷಯಕ್ಕೆ ಬರೋಣ. 1909ರಲ್ಲಿ ಅವರು ಹೇಳಿದ ಮೂರು ಹಂತ ಇಂದಿಗೂ ಉಪಯುಕ್ತ: ಇದ್ದ ಸ್ಥಿತಿಯಿಂದ ಬೇರ್ಪಡುವುದು, ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಹೊಸ್ತಿಲಲ್ಲಿ ಇರುವುದು, ಹೊಸ ಸ್ಥಾನದೊಂದಿಗೆ ಮರಳಿ ಸೇರುವುದು. ದಕ್ಷಿಣ ಆಫ್ರಿಕಾದ ಖೋಸಾ ಯುವಕರ ಉಲ್ವಾಲುಕೊ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹುಡುಗರು ಮನೆಬಿಟ್ಟು ದೂರದ ಗುಡಿಸಲಿಗೆ ಹೋಗುತ್ತಾರೆ, ಸುನ್ನತಿಯಾದ ಮೇಲೆ ಮೈಗೆ ಬಿಳಿ ಜೇಡಿ ಬಳಿದುಕೊಂಡು ಅಲ್ಲೇ ಇರುತ್ತಾರೆ. ಕೊನೆಗೆ ಗುಡಿಸಲಿಗೂ ಹಳೆಯ ಬಟ್ಟೆಬರೆಗೂ ಬೆಂಕಿ ಹಚ್ಚಿ, ಹಿಂತಿರುಗಿ ನೋಡದೆ, ಹೊಸ ಕಂಬಳಿ ಹೊದ್ದು ಊರಿಗೆ ಬರುತ್ತಾರೆ. ನೆಲ್ಸನ್ ಮಂಡೇಲಾ 1934ರಲ್ಲಿ, ತಮ್ಮ ಹದಿನಾರನೇ ವಯಸ್ಸಿನಲ್ಲಿ, ಇದರ ಮೂಲಕ ಹಾದುಬಂದುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ.

ತೊಂದರೆ ಬರುವುದು ಇದೇ ಅಚ್ಚಿನಲ್ಲಿ ಎಲ್ಲವನ್ನೂ ಒತ್ತಲು ಹೊರಟಾಗ. ನೇಪಾಳದ ನೇವಾರ್ ಹುಡುಗಿಯರ ‘ಬಾಹ್ರಾ’ ನೋಡಿ. ಹುಡುಗಿಯನ್ನು ಕಾಡಿಗೆ ಕಳಿಸುವುದಿಲ್ಲ, ಮನೆಯೊಳಗೇ ಬೆಳಕು ಬೀಳದ ಕೋಣೆಯಲ್ಲಿ ಹನ್ನೆರಡು ದಿನ ಇರಿಸುತ್ತಾರೆ, ಕೊನೆಯ ದಿನ ಹೊರಗೆ ತಂದು ಸೂರ್ಯನೊಂದಿಗೆ ಮದುವೆ ಮಾಡಿಸುತ್ತಾರೆ. ಅವಳು ಊರು ಬಿಟ್ಟದ್ದೂ ಇಲ್ಲ, ಮರಳಿ ಬಂದದ್ದೂ ಇಲ್ಲ. ಧರ್ಮ ಇತಿಹಾಸಕಾರ ಬ್ರೂಸ್ ಲಿಂಕನ್ 1981ರಲ್ಲಿ ಎತ್ತಿದ ಆಕ್ಷೇಪ ಇದೇ: ವಾನ್ ಗೆನೆಪ್ ಅವರ ಮಾದರಿ ಗಂಡುಮಕ್ಕಳ ಆಚರಣೆಗಳಿಗೆ ಒಗ್ಗುತ್ತದೆ, ಹುಡುಗಿಯರದು ಹೆಚ್ಚಾಗಿ ಒಳಗಿರಿಸುವುದು, ರೂಪಾಂತರ, ಹೊರಬರುವುದು ಎಂಬ ದಾರಿಯಲ್ಲಿ ಸಾಗುತ್ತದೆ. ಈ ಮಾತನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಅಮೆರಿಕದ ಆದಿವಾಸಿ ನವಾಹೊ ಹುಡುಗಿಯ ಕಿನಾಲ್ಡಾದಲ್ಲಿ ಅವಳು ಮನೆಯೊಳಗೆ ಕೂರುವುದಕ್ಕಿಂತ ಓಡುವುದೇ ಹೆಚ್ಚು. ನಾಲ್ಕು ದಿನದ ಆ ವಿಧಿಯಲ್ಲಿ ಅವಳು ಮತ್ತೆ ಮತ್ತೆ ಪೂರ್ವಕ್ಕೆ ಓಡುತ್ತಾಳೆ, ಪ್ರತಿಸಲವೂ ಹಿಂದಿನದಕ್ಕಿಂತ ದೂರ. ಒಬ್ಬ ಹಿರಿಯ ಹೆಂಗಸು ಅವಳ ಮೈಯನ್ನು ಒತ್ತಿ, ನೀವಿ, ಹೊಸದಾಗಿ ರೂಪಿಸುವಂತೆ ತಿದ್ದುತ್ತಾಳೆ. ಅವಳೇ ಜೋಳ ಬೀಸಿ ಸಿದ್ಧಮಾಡಿದ ದೊಡ್ಡ ರೊಟ್ಟಿಯನ್ನು ಕೊನೆಯ ರಾತ್ರಿ ನೆಲದ ಗುಂಡಿಯಲ್ಲಿ ಬೇಯಿಸುತ್ತಾರೆ. ಬೆಳಗ್ಗೆ ಅದನ್ನು ಬಂದವರಿಗೆಲ್ಲ ಹಂಚುತ್ತಾಳೆ, ತಾನು ತಿನ್ನುವಂತಿಲ್ಲ. ಮೂರು ಹಂತಗಳ ಚೌಕಟ್ಟಿನಲ್ಲಿ ಈ ‘ತಾನು ತಿನ್ನುವಂತಿಲ್ಲ’ ಎಂಬುದಕ್ಕೆ ಜಾಗವೇ ಇಲ್ಲ. ನನಗಾದರೋ ಇಡೀ ವಿಧಿಯಲ್ಲಿ ಅದೇ ಮುಖ್ಯ ಸುಳಿವು ಎನ್ನಿಸುತ್ತದೆ. ದೊಡ್ಡವಳಾಗುವುದೆಂದರೆ ಅಲ್ಲಿ ಪಡೆಯುವುದಲ್ಲ, ಕೊಡುವುದು.

ಇನ್ನೊಂದು ಆಕ್ಷೇಪ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರೆ ಬೋರ್ಡ್ಯೂ ಅವರದು, 1982ರದು. ನಾವು ಆಚರಣೆಯ ‘ಮೊದಲು’ ಮತ್ತು ‘ಆಮೇಲೆ’ ನಡುವಿನ ಗೆರೆಯನ್ನೇ ನೋಡುತ್ತೇವೆ, ಅದಕ್ಕಿಂತ ಆಳವಾದ ಗೆರೆ ಇರುವುದು ಆ ಆಚರಣೆಗೆ ಎಂದಾದರೂ ಒಳಗಾಗುವವರು ಮತ್ತು ಎಂದೆಂದಿಗೂ ಒಳಗಾಗದವರ ನಡುವೆ ಎಂದರು ಅವರು. ಉಪನಯನಕ್ಕೆ ಇದನ್ನು ಹಚ್ಚಿ ನೋಡಿ. ಧರ್ಮಸೂತ್ರಗಳು ಬ್ರಾಹ್ಮಣನಿಗೆ ಎಂಟು, ಕ್ಷತ್ರಿಯನಿಗೆ ಹನ್ನೊಂದು, ವೈಶ್ಯನಿಗೆ ಹನ್ನೆರಡನೇ ವರ್ಷ ಎಂದು ಹೇಳುತ್ತವೆ, ಅದೂ ಗರ್ಭದಿಂದ ಎಣಿಸಿ. ಏಳರ ಹುಡುಗನಿಗೂ ಒಂಬತ್ತರ ಹುಡುಗನಿಗೂ ಇರುವ ವ್ಯತ್ಯಾಸ ಸಣ್ಣದು. ಈ ಹುಡುಗರಿಗೂ, ಆ ಪಟ್ಟಿಯಲ್ಲಿ ಹೆಸರೇ ಇಲ್ಲದ ಶೂದ್ರರು ಮತ್ತು ರೂಢಿಯಲ್ಲಿ ಹೊರಗುಳಿದ ಹೆಂಗಸರಿಗೂ ನಡುವಿನ ಅಂತರ ದೊಡ್ಡದು. ಆದ್ದರಿಂದ ಪ್ರತಿ ಆಚರಣೆಯ ಎದುರು ಒಂದು ಕಾಲಂ ಸೇರಿಸಿ: ಇದು ಯಾರಿಗೆ ಎಂದಿಗೂ ಇಲ್ಲ? ಆ ಒಂದು ಕಾಲಂ ತುಂಬಿಸಲು ನೀವು ಪಡುವ ಕಷ್ಟ ಉಳಿದೆಲ್ಲ ಓದಿಗಿಂತ ಹೆಚ್ಚು ಕಲಿಸುತ್ತದೆ.

ಶಾಸ್ತ್ರದಲ್ಲಿ ಎಂಟು ಎಂದಿದ್ದರೂ ಇಂದು ಎಷ್ಟೋ ಕಡೆ ಉಪನಯನ ನಡೆಯುವುದು ಮದುವೆಯ ಹಿಂದಿನ ದಿನ. ಗ್ರಂಥ ಹೇಳಿದ್ದು ಬೇರೆ, ನಡೆಯುವುದು ಬೇರೆ ಎಂಬ ಮಾತು ಉಪನಯನಕ್ಕಷ್ಟೇ ಅಲ್ಲ. ಪ್ರಾಚೀನ ಚೀನಾದ ವಿಧಿಗ್ರಂಥ ‘ಯಿಲಿ’ ಶುರುವಾಗುವುದೇ ಯುವಕನಿಗೆ ಟೋಪಿ ತೊಡಿಸುವ ವಿಧಿಯಿಂದ. ಮೂರು ಸಲ ಮೂರು ಬಗೆಯ ಟೋಪಿ, ಕೊನೆಗೆ ಹೊಸದೊಂದು ಹೆಸರು. ಯಾರು ಯಾವ ದಿಕ್ಕಿಗೆ ಮುಖಮಾಡಿ ನಿಲ್ಲಬೇಕು ಎಂಬುದೂ ಅದರಲ್ಲಿದೆ. ಅದು ಹೀಗೆ ನಡೆಯಬೇಕು ಎಂದು ಬರೆದವರ ಮಾತು. ಎಷ್ಟು ಮನೆಗಳಲ್ಲಿ, ಯಾವ ವರ್ಗದಲ್ಲಿ, ಯಾವ ಶತಮಾನದವರೆಗೆ ಹಾಗೆ ನಡೆಯಿತು ಎಂಬುದು ಬೇರೆಯೇ ಪ್ರಶ್ನೆ. ರೋಮನ್ನರಲ್ಲಂತೂ ಹುಡುಗ ಪ್ರೌಢರ ಉಡುಪಾದ ಟೋಗಾ ಉಡಲು ಖಚಿತ ವಯಸ್ಸೇ ಇರಲಿಲ್ಲ. ಸಾಮಾನ್ಯವಾಗಿ ಹದಿನಾಲ್ಕರಿಂದ ಹದಿನೇಳರ ನಡುವೆ ತಂದೆ ನಿರ್ಧರಿಸುತ್ತಿದ್ದ, ಮಾರ್ಚ್ 17ರ ಲಿಬರಾಲಿಯಾ ಹಬ್ಬ ಅದಕ್ಕೆ ಪ್ರಶಸ್ತವಾಗಿತ್ತು.

ಆಕರಗಳನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ಮೂರು ಸಂಗತಿ ಹುಡುಕಿ: ಬರೆದವರು ಕಣ್ಣಾರೆ ಕಂಡರೇ, ಯಾವ ವರ್ಷ ಕಂಡರು, ಅವರನ್ನು ಒಳಗೆ ಬಿಟ್ಟವರು ಯಾರು. ಈ ಮೂರೂ ಇರುವ ಬರಹ ಓದಿದಾಗ ಬೇರೆಯದೇ ಅನುಭವ. ಬ್ರಿಟಿಷ್ ಮಾನವಶಾಸ್ತ್ರಜ್ಞೆ ಆಡ್ರೆ ರಿಚರ್ಡ್ಸ್ 1931ರಲ್ಲಿ, ಇಂದಿನ ಜಾಂಬಿಯಾದ ಬೆಂಬಾ ಜನರ ನಡುವೆ, ಚಿಸುಂಗು ಎಂಬ ಹುಡುಗಿಯರ ವಿಧಿಯನ್ನು ಇಪ್ಪತ್ಮೂರು ದಿನ ನೋಡಿದರು. ಹಿಂದೆ ಅದು ತಿಂಗಳುಗಟ್ಟಲೆ ನಡೆಯುತ್ತಿತ್ತಂತೆ. ಅವರ ಪುಸ್ತಕ ಬಂದದ್ದು 1956ರಲ್ಲಿ. ಮಣ್ಣಿನಿಂದ ಮಾಡಿ ಬಣ್ಣ ಬಳಿದ ಗೊಂಬೆ, ಆಕೃತಿಗಳು, ಒಂದೊಂದಕ್ಕೂ ಒಂದೊಂದು ಹಾಡು. ಇದೆಲ್ಲ ಹುಡುಗಿಗೆ ಬಾಳುವೆಯ ಪಾಠ ಹೇಳಿಕೊಡುವ ಶಾಲೆ ಎಂದು ಯಾರಿಗೂ ಅನ್ನಿಸುತ್ತದೆ. ರಿಚರ್ಡ್ಸ್ ಕಂಡದ್ದು ಬೇರೆ. ಹುಡುಗಿ ಬಹುಪಾಲು ಹೊತ್ತು ಕಂಬಳಿ ಮುಸುಕು ಹಾಕಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದಳು, ಹಾಡು ಕುಣಿತಗಳಲ್ಲಿ ಮೈಮರೆತವರು ದೊಡ್ಡ ಹೆಂಗಸರು. ಹೊಲದ ಕೆಲಸ, ಅಡುಗೆ ಅವಳಿಗೆ ಮೊದಲೇ ಗೊತ್ತಿತ್ತು. ಆ ವಿಧಿ ಅವಳಿಗೆ ಹೊಸ ಮಾಹಿತಿ ಕೊಡಲಿಲ್ಲ, ಗೊತ್ತಿದ್ದ ಕೆಲಸವನ್ನು ಹೊಣೆಯಾಗಿ ಹೊರುವ ಸ್ಥಾನ ಕೊಟ್ಟಿತು. ‘ಈ ಆಚರಣೆಯಲ್ಲಿ ಮಕ್ಕಳಿಗೆ ಬದುಕಿನ ಪಾಠ ಕಲಿಸುತ್ತಾರೆ’ ಎಂಬ ಸಾಲು ನಿಮ್ಮ ಪಟ್ಟಿಯಲ್ಲಿ ಎಷ್ಟು ಕಡೆ ಬಂದಿದೆ ಎಂದು ಎಣಿಸಿ ನೋಡಿ. ಅದರಲ್ಲಿ ಎಷ್ಟು ಯಾರಾದರೂ ಕೂತು ನೋಡಿ ಬರೆದದ್ದು?

ಗಂಡಸು ಸಂಶೋಧಕನನ್ನು ಹೆಂಗಸರ ವಿಧಿಗೆ ಬಿಡುತ್ತಿರಲಿಲ್ಲ, ಹೆಂಗಸನ್ನು ಗಂಡಸರದಕ್ಕೆ ಬಿಡುತ್ತಿರಲಿಲ್ಲ. ಮೊದಲ ತಲೆಮಾರಿನ ಬರಹಗಾರರಲ್ಲಿ ಗಂಡಸರೇ ಹೆಚ್ಚು. ಹಾಗಾಗಿ ಹಳೆಯ ಪುಸ್ತಕದಲ್ಲಿ ‘ಹುಡುಗಿಯರಿಗೆ ವಿಶೇಷ ವಿಧಿಯಿಲ್ಲ’ ಎಂದಿದ್ದರೆ ಬರೆದವನಿಗೆ ಕಾಣಲಿಲ್ಲ ಎಂದಷ್ಟೇ ಓದಿಕೊಳ್ಳಿ. ನಿಷೇಧದ ಕಾಲದ ಮೌನವೂ ಹಾಗೆಯೇ. ಅಮೆರಿಕದಲ್ಲಿ 1883ರಿಂದ ಆದಿವಾಸಿಗಳ ಎಷ್ಟೋ ಧಾರ್ಮಿಕ ವಿಧಿಗಳನ್ನು ಅಪರಾಧವೆಂದು ಪಟ್ಟಿ ಮಾಡಿದ್ದರು. ಅವರ ಧಾರ್ಮಿಕ ಸ್ವಾತಂತ್ರ್ಯವನ್ನು ರಕ್ಷಿಸುವ ಕಾಯಿದೆ ಬಂದದ್ದು 1978ರಲ್ಲಿ. ಈ ನಡುವಿನ ಕಾಲದ ಸರ್ಕಾರಿ ಕಡತದಲ್ಲಿ ಒಂದು ಆಚರಣೆ ಕಾಣದಿದ್ದರೆ ಅದು ನಿಂತಿತ್ತು ಎಂದಲ್ಲ.

ಇದಕ್ಕೆ ವಿರುದ್ಧವಾಗಿ, ಕಡತಗಳೇ ಎಲ್ಲವನ್ನೂ ಹೇಳಿಬಿಡುವ ಸಂದರ್ಭಗಳೂ ಇವೆ. 1956ರಲ್ಲಿ ಕೀನ್ಯಾದ ಮೇರು ಪ್ರದೇಶದಲ್ಲಿ ಹಿರಿಯರ ಮಂಡಳಿಯು ಹುಡುಗಿಯರ ಜನನಾಂಗ ಛೇದನವನ್ನು ನಿಷೇಧಿಸಿತು. ಬೆನ್ನಲ್ಲೇ ನೂರಾರು ಹುಡುಗಿಯರು ತಾವೇ ಒಬ್ಬರಿಗೊಬ್ಬರು ಅದನ್ನು ಮಾಡಿಕೊಂಡು ಶಿಕ್ಷೆಗೆ ಒಳಗಾದರು. ಕ್ರೂರವಾದ ಪದ್ಧತಿಯನ್ನು ಅನುಭವಿಸಬೇಕಾದವರೇ ಅದಕ್ಕಾಗಿ ಹಟ ಹಿಡಿದದ್ದು ಏಕೆ ಎಂದು ಕೇಳದೆ ಈ ವಿಷಯ ಬರೆಯಲಾಗದು. ಕೇಳಿದ ಮಾತ್ರಕ್ಕೆ ಪದ್ಧತಿಯನ್ನು ಸಮರ್ಥಿಸಿದಂತೆಯೂ ಅಲ್ಲ. ಯುನಿಸೆಫ್ 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಇದಕ್ಕೆ ಒಳಗಾಗಿ ಬದುಕಿರುವ ಹೆಂಗಸರು, ಹುಡುಗಿಯರು 23 ಕೋಟಿಗೂ ಹೆಚ್ಚು. ಬಹಳ ಕಡೆ ಇದನ್ನು ಮಾಡುವುದು ಐದು ವರ್ಷ ತುಂಬುವ ಮೊದಲೇ. ಹಾಗಾಗಿ ಎಲ್ಲ ಕಡೆಯೂ ಇದನ್ನು ಪ್ರಾಯಪ್ರವೇಶದ ಆಚರಣೆ ಎಂದು ವರ್ಗೀಕರಿಸುವುದು ಸರಿಯಲ್ಲ. ಮೇರುವಿನಲ್ಲಿ ಅದು ಹಾಗಿತ್ತು, ಅದಕ್ಕೇ ಆ ಹಟ.

‘ಸಾವಿರಾರು ವರ್ಷಗಳಿಂದ ನಡೆದುಬಂದಿದೆ’ ಎಂಬ ಸಾಲು ಕಂಡರೆ ಪೆನ್ಸಿಲ್ ತೆಗೆದುಕೊಳ್ಳಿ. ಕಿನ್ಸೆನ್ಯೇರಾ ನೇರವಾಗಿ ಮೆಕ್ಸಿಕೊದ ಹಳೆಯ ಅಜ್ಟೆಕ್ ಜನರ ಕಾಲದ್ದು ಎಂದು ಎಲ್ಲ ಕಡೆ ಬರೆದಿರುತ್ತಾರೆ. ಇಂದಿನ ರೂಪದ ವಾಲ್ಟ್ಜ್ ನೃತ್ಯ, ಗೌನು, ಜೊತೆಗಾರರ ಸಾಲು ಇವೆಲ್ಲ ಯುರೋಪಿನ ನೃತ್ಯಕೂಟಗಳ ಕಡೆ ಬೆರಳು ತೋರಿಸುತ್ತವೆ. ಹೊಸದಾಗಿ ಹುಟ್ಟಿದ ಆಚರಣೆಗಳ ಬಗ್ಗೆ ಕೀಳಾಗಿ ನೋಡಬೇಡಿ. ಹೊಸ ಸಂಶೋಧಕರಿಗೆ ಅವೇ ಹೆಚ್ಚು ಅನುಕೂಲ, ಏಕೆಂದರೆ ಹುಟ್ಟಿದ ದಿನದಿಂದ ದಾಖಲೆ ಇರುತ್ತದೆ. ಡೆನ್ಮಾರ್ಕ್-ನಾರ್ವೆ ರಾಜ್ಯದಲ್ಲಿ 1736ರಲ್ಲಿ ಚರ್ಚಿನ ದೃಢೀಕರಣವನ್ನು, ಅಂದರೆ ಮಗುವಾಗಿದ್ದಾಗ ದೀಕ್ಷಾಸ್ನಾನವಾದವರು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ಕನ್ಫರ್ಮೇಶನ್ನನ್ನು, ಕಾನೂನೇ ಕಡ್ಡಾಯ ಮಾಡಿತು. ಅದಾಗದವರು ಮದುವೆಯಾಗುವಂತಿರಲಿಲ್ಲ. ಓದು ಬರದವರು ಕ್ರೈಸ್ತ ಪ್ರಶ್ನೋತ್ತರ ಒಪ್ಪಿಸುವುದು ಹೇಗೆ? ಹಾಗಾಗಿ ಹಳ್ಳಿಗಳಲ್ಲಿ ಶಾಲೆಗಳು ಬೆಳೆಯಲು ಇದೇ ಒಂದು ಕಾರಣವಾಯಿತು. 1951ರಲ್ಲಿ ನಾರ್ವೆಯಲ್ಲಿ ದೇವರನ್ನು ನಂಬದ ಕುಟುಂಬಗಳು ತಮ್ಮದೇ ನಾಗರಿಕ ದೃಢೀಕರಣ ಶುರುಮಾಡಿದವು. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ 1954ರಿಂದ ಚರ್ಚಿಗೆ ಎದುರಾಗಿ ‘ಯೂಗೆಂಡ್‌ವೈಹೆ’ ಎಂಬ ಯುವದೀಕ್ಷೆಯನ್ನು ಹಟತೊಟ್ಟು ಬೆಳೆಸಿತು. 1990ರಲ್ಲಿ ಆ ರಾಜ್ಯವೇ ಇಲ್ಲವಾಯಿತು, ದೀಕ್ಷೆ ಮಾತ್ರ ಇಂದಿಗೂ ನಡೆಯುತ್ತಿದೆ. ಹದಿನಾಲ್ಕರ ಮಕ್ಕಳಿಗೆ ಒಂದು ದಿನ ಬೇಕು ಎಂಬ ಪೋಷಕರ ಬಯಕೆ ಸಿದ್ಧಾಂತಕ್ಕಿಂತ ಗಟ್ಟಿ ಎಂದಾಯಿತು.

ಅಂಕಿಅಂಶದ ದಾರಿ ಹಿಡಿಯುವ ಆಸೆ ನಿಮಗಿದ್ದರೆ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬಳಿ 1949ರಲ್ಲಿ ಶುರುವಾದ ಮಾನವ ಸಂಬಂಧ ಪ್ರದೇಶ ಕಡತಗಳು, ‘ಎಚ್‌ಆರ್‌ಎಎಫ್’, ನಿಮಗೆ ಬೇಕಾದದ್ದು. ಸಾವಿರಾರು ಜನಾಂಗ ವರ್ಣನೆಗಳಲ್ಲಿ ಪ್ರತಿ ಪ್ಯಾರಾಕ್ಕೂ ವಿಷಯದ ಸಂಖ್ಯೆ ಕೊಟ್ಟಿದ್ದಾರೆ. ಚಂದಾ ಬೇಕಾಗುತ್ತದೆ, ನಿಮ್ಮ ಗ್ರಂಥಾಲಯದಲ್ಲಿ ವಿಚಾರಿಸಿ. 1969ರಲ್ಲಿ ಮಾನವಶಾಸ್ತ್ರಜ್ಞರಾದ ಮರ್ಡಾಕ್ ಮತ್ತು ವೈಟ್ ಆರಿಸಿದ 186 ಸಮಾಜಗಳ ಮಾದರಿ ಪಟ್ಟಿಯೂ ಇದೆ, ಅದರ ಮಾಹಿತಿ ‘ಡಿ-ಪ್ಲೇಸ್’ ಎಂಬ ಮುಕ್ತ ದತ್ತಸಂಚಯದಲ್ಲಿ ಪುಕ್ಕಟೆ ಸಿಗುತ್ತದೆ. 1958ರಲ್ಲಿ ಜಾನ್ ವೈಟಿಂಗ್ ಮತ್ತು ಸಂಗಡಿಗರು 56 ಸಮಾಜಗಳನ್ನು ಹೋಲಿಸಿ, ಶಿಶುವಾಗಿದ್ದಾಗ ತಾಯಿಯ ಪಕ್ಕದಲ್ಲೇ ಬಹುಕಾಲ ಮಲಗುವ ಕಡೆ ಗಂಡುಮಕ್ಕಳ ದೀಕ್ಷೆ ಕಠಿಣ ಎಂದರು. 1963ರಲ್ಲಿ ಜೂಡಿತ್ ಬ್ರೌನ್, ಮದುವೆಯ ಮೇಲೂ ಹುಡುಗಿ ತವರಿನಲ್ಲೇ ಉಳಿಯುವ ಕಡೆ ಅವಳಿಗೆ ಆಚರಣೆ ಇರುವ ಸಂಭವ ಹೆಚ್ಚು ಎಂದರು. ಮನೆ ಬಿಟ್ಟು ಹೋಗುವವಳು ದೊಡ್ಡವಳಾದದ್ದು ಮದುವೆಯೇ ಸಾರುತ್ತದೆ, ಉಳಿದವಳಿಗೆ ಬೇರೆ ಸಾರುವಿಕೆ ಬೇಕು ಎಂಬ ತರ್ಕ ಚೆನ್ನಾಗಿದೆ. ಆದರೆ ಇಂಥ ಎಲ್ಲ ಲೆಕ್ಕಗಳ ಬುಡದಲ್ಲೂ 1888ರಲ್ಲಿ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಕೇಳಿದ ಪ್ರಶ್ನೆ ಕೂತಿದೆ. ಹತ್ತು ಸಮಾಜಗಳಲ್ಲಿ ಒಂದೇ ರೂಢಿ ಕಂಡರೆ ಅದು ಹತ್ತು ಸಾಕ್ಷಿಯೇ, ಅಥವಾ ನೆರೆಯವರಿಂದ ಕಲಿತ ಒಂದೇ ಸಾಕ್ಷಿಯ ಹತ್ತು ಪ್ರತಿಗಳೇ? ಸ್ನಾತಕೋತ್ತರ ಪ್ರಬಂಧದಲ್ಲಿ ಇದನ್ನು ಬಗೆಹರಿಸಲು ಹೋಗಬೇಡಿ. ಕಡತಗಳನ್ನು ಒಳ್ಳೆಯ ಮೂಲ ಬರಹ ಹುಡುಕುವ ಸೂಚಿಯಾಗಿ ಬಳಸಿ, ಸಾಕು.

ಗುಟ್ಟಿನ ವಿಷಯವನ್ನು ಸಣ್ಣದೆಂದು ಬಿಡಬೇಡಿ. ಆಸ್ಟ್ರೇಲಿಯಾದಲ್ಲಿ 1976ರಲ್ಲಿ ಪಿಟ್ಜಂಟ್ಜಟ್ಜರಾ ಆದಿವಾಸಿ ಸಮುದಾಯದವರು ನ್ಯಾಯಾಲಯಕ್ಕೆ ಹೋದರು. ಮಾನವಶಾಸ್ತ್ರಜ್ಞ ಚಾರ್ಲ್ಸ್ ಮೌಂಟ್‌ಫರ್ಡ್ ಅವರಿಗೆ ದಶಕಗಳ ಹಿಂದೆ ಗಂಡಸರು ನಂಬಿ ತೋರಿಸಿದ ವಿಧಿ, ವಸ್ತುಗಳ ಚಿತ್ರ ಅವರ ಪುಸ್ತಕದಲ್ಲಿ ಅಚ್ಚಾಗಿತ್ತು. ಅವು ಹೆಂಗಸರ, ದೀಕ್ಷೆಯಾಗದ ಹುಡುಗರ ಕಣ್ಣಿಗೆ ಬೀಳಬಾರದು ಎಂಬುದು ಸಮುದಾಯದವರ ವಾದ. ಆ ದೇಶದ ನಾರ್ದರ್ನ್ ಟೆರಿಟರಿ ಪ್ರಾಂತ್ಯದಲ್ಲಿ ಆ ಪುಸ್ತಕದ ಮಾರಾಟಕ್ಕೆ ತಡೆಯಾಜ್ಞೆ ಸಿಕ್ಕಿತು. ಖೋಸಾ ಗಂಡಸರೂ ಗುಡಿಸಲಿನಲ್ಲಿ ನಡೆದದ್ದನ್ನು ಹೊರಗೆ ಮಾತಾಡುವುದಿಲ್ಲ. ಆದರೆ ಅದೇ ಗುಟ್ಟಿನ ಮರೆಯಲ್ಲಿ ಗಾಯ ಕೊಳೆತು, ನೀರಿಲ್ಲದೆ ಹುಡುಗರು ಸಾಯುತ್ತಾರೆ ಎಂಬುದೂ ನಿಜ. ದಕ್ಷಿಣ ಆಫ್ರಿಕಾ 2021ರಲ್ಲಿ ದೀಕ್ಷಾ ಶಾಲೆಗಳ ನೋಂದಣಿ ಕಡ್ಡಾಯ ಮಾಡುವ ಕಾಯಿದೆ ತಂದದ್ದು ಅದಕ್ಕೇ. ಇಲ್ಲಿ ನನ್ನ ನಿಲುವು ಹೀಗಿದೆ: ಸಮುದಾಯವೇ ಹೊರಗೆ ಹೇಳಿದ್ದು, ನ್ಯಾಯಾಲಯ ಮತ್ತು ಆರೋಗ್ಯ ಇಲಾಖೆಯ ದಾಖಲೆಯಲ್ಲಿರುವುದು ಬಳಸಿ. ಯಾರೋ ಕದ್ದು ತೆಗೆದ ವಿಡಿಯೊ ಎಷ್ಟೇ ಸುಲಭವಾಗಿ ಸಿಗಲಿ, ಬಳಸಬೇಡಿ. ಹದಿನೆಂಟರೊಳಗಿನವರ ಫೋಟೊ, ಹೆಸರು ಬೇಡವೇ ಬೇಡ. ಮೊದಲ ಮುಟ್ಟಿನ ದಿನದ ಫೋಟೊ ಹತ್ತು ವರ್ಷದ ನಂತರ ಪ್ರಬಂಧದಲ್ಲಿ ಸಿಕ್ಕರೆ ಆ ಹುಡುಗಿಗೆ ಹೇಗಾದೀತು?

ಸಂದರ್ಶನ ಮಾಡುವಾಗ ‘ಇದರ ಅರ್ಥವೇನು’ ಎಂದು ಶುರುಮಾಡಬೇಡಿ. ಎಲ್ಲರೂ ಪುಸ್ತಕದ ಉತ್ತರ ಕೊಡುತ್ತಾರೆ. ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ 1950ರ ದಶಕದಲ್ಲಿ ಜಾಂಬಿಯಾದ ನ್‌ಡೆಂಬು ಜನರಲ್ಲಿ ಕಂಡ ಹುಡುಗಿಯ ವಿಧಿ ನೆನಪಿಡಿ. ಹಾಲಿನಂಥ ಸೊನೆ ಒಸರುವ ಮರದ ಬುಡದಲ್ಲಿ ಹುಡುಗಿಯನ್ನು ಹೊದಿಸಿ ಮಲಗಿಸುತ್ತಾರೆ. ಕೇಳಿದರೆ, ಈ ಮರ ತಾಯಿಯ ಎದೆಹಾಲು, ತಾಯಿ ಮಗಳ ಒಂದಾಗುವಿಕೆ ಎನ್ನುತ್ತಾರೆ. ಸುತ್ತ ಕುಣಿಯುವ ಹೆಂಗಸರ ಗುಂಪಿನೊಳಗೆ ಮಾತ್ರ ಆ ತಾಯಿಗೇ ಪ್ರವೇಶವಿಲ್ಲ! ಬಾಯಿ ಹೇಳಿದ್ದು ಕೂಡುವಿಕೆ, ಕಾಲು ತೋರಿಸಿದ್ದು ಅಗಲಿಕೆ. ಆದ್ದರಿಂದ ಯಾರು ಎಲ್ಲಿ ನಿಂತಿದ್ದರು, ಬಟ್ಟೆ ತಂದವರು ಯಾರು, ಯಾರನ್ನು ಕರೆಯಲಿಲ್ಲ, ಮರುದಿನದಿಂದ ಯಾವ ಕೆಲಸ ಹೆಚ್ಚಾಯಿತು, ಯಾವ ಆಟ ನಿಂತಿತು ಎಂದು ಕೇಳಿ. ಆಚರಣೆಯಾದವರ ಜೊತೆ ಅದಾಗದ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ, ಬೇಡವೆಂದು ತಪ್ಪಿಸಿಕೊಂಡವರನ್ನೂ ಕೇಳಿ. ತಪ್ಪಿಸಿಕೊಂಡವರ ಮಾತು ನಿಮ್ಮ ಪ್ರಬಂಧದ ಅತ್ಯುತ್ತಮ ಭಾಗವಾಗಬಹುದು.

ಮೂರು ಯಾವುವು ಎಂದು ಕೇಳುತ್ತೀರಿ. ನಾನಾದರೆ ಬಾರ್ ಮತ್ತು ಬಾತ್ ಮಿಟ್ಸ್‌ವಾವನ್ನು ಒಂದೇ ಜೋಡಿಯಾಗಿ, ನಾರ್ವೆಯ ಎರಡು ಬಗೆಯ ದೃಢೀಕರಣವನ್ನು ಇನ್ನೊಂದು ಜೋಡಿಯಾಗಿ ತೆಗೆದುಕೊಳ್ಳುತ್ತೇನೆ. ಮೂರನೆಯದಾಗಿ ನಿಮ್ಮ ಮನೆತನದ್ದನ್ನೇ ಇಡಿ. ಅದಕ್ಕೆ ನನ್ನ ಅಡ್ಡಿಯಿಲ್ಲ. ಅಪರಿಚಿತರಿಗೆ ನೂರು ವರ್ಷ ಬೇಕಾಗುವ ಬಾಗಿಲು ನಿಮಗೆ ತೆರೆದೇ ಇದೆ. ತೊಡಕೆಂದರೆ, ಒಳಗಿನವರಿಗೆ ಎಷ್ಟೋ ಸಂಗತಿ ಕೇಳಬೇಕೆಂದೇ ಹೊಳೆಯುವುದಿಲ್ಲ. ಪ್ರಶ್ನಾವಳಿ ಸಿದ್ಧವಾದ ಮೇಲೆ ಆ ಆಚರಣೆಯ ಗಂಧಗಾಳಿ ಇಲ್ಲದ ಸಹಪಾಠಿಯೊಬ್ಬರ ಕೈಗೆ ಕೊಟ್ಟು, ಮೊದಲು ನಿಮ್ಮನ್ನೇ ಸಂದರ್ಶನ ಮಾಡಲು ಹೇಳಿ. ಧ್ವನಿಮುದ್ರಣ ಇಟ್ಟುಕೊಂಡು ಉಳಿದವುಗಳಂತೆ ಅದನ್ನೂ ಬರಹಕ್ಕಿಳಿಸಿ. ‘ಅದು ಹಾಗೇ, ಎಲ್ಲರಿಗೂ ಗೊತ್ತಲ್ಲ’ ಎಂದು ನೀವು ಉತ್ತರಿಸಿದ ಜಾಗಗಳಿಗೆಲ್ಲ ಗುರುತು ಹಾಕಿ, ಮನೆಯ ಹಿರಿಯರನ್ನು ಕೇಳಲು ಅಲ್ಲಿಂದಲೇ ಶುರುಮಾಡಿ.